ಗೆರೆಯ ಮೇಲಿದ್ದರೂ ಒಳಗೇ

ಓಲ್ಡಮ್ ಆಸ್ಪತ್ರೆಯ ಹಿಂಬದಿ, ಕಿಟಕಿಯಿಲ್ಲದ ಕೋಣೆ.
ಫೈಲಿನಲ್ಲಿ: ಎಖಲಾಸ್ ಉದ್ದಿನ್, ಅರವತ್ತೊಂದು, ಎಡಮಂಡಿ,
ವೃತ್ತಿ ಅಡುಗೆಯವನು, ನಿವೃತ್ತ.
ಪ್ಯಾಂಟು ಮಡಚಲು ಹೇಳಿ
ಚಿಪ್ಪಿನ ಸುತ್ತ ಬೆರಳಾಡಿಸಿದೆ.
ಇದು ಅಡುಗೆಯವನ ಮಂಡಿಯಲ್ಲ, ಎಂದೆ.
ಆತ ನಕ್ಕ. ಮೇಲಿನ ಒಂದು ಹಲ್ಲಿಲ್ಲ.
ಅದು ಕಾಠ್ಮಂಡುವಿನಲ್ಲಿದೆ, ಎಂದ.

ನಮ್ಮಿಬ್ಬರ ನಡುವೆ ಮುರುಕು ಹಿಂದಿ,
ಹಾದಿ ತಪ್ಪಿದಾಗ ಇಂಗ್ಲಿಷು,
ಅದೂ ಸಾಲದಿದ್ದರೆ ಕೈ.

ನಮ್ಮೂರು ಮಳೆಗಾಲದಲ್ಲಿ ಸಮುದ್ರ,
ಚಳಿಗಾಲದಲ್ಲಿ ಮೈದಾನ.
ಆರು ತಿಂಗಳು ಹುಟ್ಟು ಹಾಕುವುದು, ಆರು ತಿಂಗಳು ಚೆಂಡು.
ಊರೂರಿಗೆ ಬಾಡಿಗೆಗೆ ಆಡುತ್ತಿದ್ದೆ.
ಗೆದ್ದರೆ ನನ್ನ ಕಾಲುದ್ದದ ಬಾಳೆಮೀನು,
ಸೋತರೆ ದೋಣಿಯ ಖರ್ಚು ನನ್ನದೇ.
ಅಲ್ಲಿಂದ ಢಾಕಾ, ಕ್ಲಬ್ಬು, ಹನ್ನೊಂದನೆಯ ನಂಬರು,
ಅಲ್ಲಿಂದ ದೇಶದ ಅಂಗಿ.
ಕಾಗದದಲ್ಲಿ ಎಖಲಾಸ್, ಗ್ಯಾಲರಿಗೆ ಲೇಬು.
ಲೇಬು ಅಂದರೆ ನಿಂಬೆ. ಅಮ್ಮ ಇಟ್ಟ ಹೆಸರು,
ಬಸುರಿಯಲ್ಲಿ ಬೇರೇನೂ ಸೇರುತ್ತಿರಲಿಲ್ಲವಂತೆ.
ಇಪ್ಪತ್ತು ಸಾವಿರ ಜನ ಒಂದೇ ಸಲ
ನಿಂಬೆ, ನಿಂಬೆ ಎಂದು ಕೂಗುವುದನ್ನು
ನೀವು ಊಹಿಸಬೇಕು, ಡಾಕ್ಟರೇ.

ನಾನು ಡಾಕ್ಟರಲ್ಲ ಎಂದೆ. ಊಹಿಸಿದೆ.

ಇಪ್ಪತ್ಮೂರು ಪಂದ್ಯ. ಎರಡು ಗೋಲು.
ಎರಡರಲ್ಲಿ ಒಂದನ್ನು ಪೇಪರಿನವರು
ಚೆಂಡು ಬೆನ್ನಿಗೆ ತಾಗಿದವನ ಲೆಕ್ಕಕ್ಕೆ ಬರೆದರು.
ಅವನೀಗ ಸಿಲೆಟ್‌ನಲ್ಲಿ ಸಿಮೆಂಟಿನ ಅಂಗಡಿ ಇಟ್ಟಿದ್ದಾನೆ,
ಪ್ರತಿ ಈದಿಗೂ ಫೋನು ಮಾಡಿ
ಗೋಲು ನಿನ್ನದೇ ಕಣೋ ಅನ್ನುತ್ತಾನೆ.
ಹಾಗಾಗಿ ಎರಡು.

ಕಾಲು ಎತ್ತಿ. ಹಿಡಿದಿಡಿ. ಹತ್ತು ಎಣಿಸಿ.
ಏಳಕ್ಕೇ ಇಳಿಸಿ ಮತ್ತೆ ಮಾತು:
ನಡುವೆ ಆಡುವವನಿಗೆ ನಾಲ್ಕು ದಿಕ್ಕು.
ನನಗೆ ಮೂರೇ. ನಾಲ್ಕನೆಯ ಕಡೆ ಸುಣ್ಣ.
ಸುಣ್ಣದಾಚೆ ಪೊಲೀಸರು, ಕಡಲೆಕಾಯಿ ಮಾರುವವರು, ನೀರಿನ ಬಕೆಟ್ಟು,
ಒಮ್ಮೆ, ಹುಡುಗನನ್ನು ನೋಡಿಹೋಗಲು ಬಂದ ನನ್ನ ಮಾವ.

ನಾನು ಹೇಳಿದೆ: ಅರಸೀಕೆರೆಯ ನಮ್ಮ ಬೀದಿಯ ಕುಂಟೆಬಿಲ್ಲೆಯಲ್ಲಿ
ಗೆರೆ ತುಳಿದರೆ ಔಟು. ಕೂದಲಷ್ಟು ತಾಗಿದರೂ ಔಟು.
ಹಾಲಮ್ಮನ ಮಗಳು ನೆಲಕ್ಕೆ ಕೆನ್ನೆಯಿಟ್ಟು ನೋಡುತ್ತಿದ್ದಳು.
ಆತ ಎದ್ದೇ ಕೂತ.
ಅಯ್ಯೋ, ಎಂಥ ಆಟ ಅದು! ನಮ್ಮಲ್ಲಿ
ಗೆರೆಯ ಮೇಲಿದ್ದರೂ ಚೆಂಡು ಒಳಗೇ.
ದಾಟಿದರೆ ಪೂರ್ತಿ ದಾಟಬೇಕು, ಪೂರ್ತಿ.
ಒಂದೆಳೆ ಸುಣ್ಣ ಮುಟ್ಟಿಕೊಂಡಿದ್ದರೂ
ಆಟ ನಡೀತಿದೆ ಅಂತಲೇ ಅರ್ಥ.

ಮಂಡಿ ಹೋದದ್ದನ್ನು ಗಡಿಬಿಡಿಯಲ್ಲಿ ಹೇಳಿ ಮುಗಿಸಿದ.
ಕೆಸರು, ಹಿಂದಿನಿಂದ ಬಂದ ಬೂಟು, ಒಂದು ಸದ್ದು.
ಹಸಿ ಕಬ್ಬು ಮುರಿದ ಹಾಗೆ? ಎಂದೆ. ತಲೆಯಾಡಿಸಿದ.
ಎಲ್ಲರೂ ಅದನ್ನೇ ಹೇಳುತ್ತಾರೆ,
ಯಾವ ಸ್ಕ್ಯಾನಿನಲ್ಲೂ ಅದು ಬರುವುದಿಲ್ಲ.
ಆಮೇಲೆ ಮದುವೆ, ವೀಸಾ, ಭಾವಮೈದನ ಹೋಟೆಲು,
ತಂದೂರಿ ಒಲೆಯೆದುರು ಇಪ್ಪತ್ತೆಂಟು ವರ್ಷ.
ಶನಿವಾರ ರಾತ್ರಿ ಮ್ಯಾಚು ನೋಡಿ ಬಂದ ಗಿರಾಕಿಗಳು
ಎಡಬದಿಯಲ್ಲಿ ಹೇಗೆ ಓಡಬೇಕೆಂದು ಅವನಿಗೇ ವಿವರಿಸುತ್ತಿದ್ದರಂತೆ.
ನೀವೇನಂದಿರಿ?
ಇನ್ನೊಂದು ನಾನ್ ಬೇಕಾ ಅಂದೆ.

ಕೋನಮಾಪಕ ಇಟ್ಟೆ. ತೊಂಬತ್ತಾರು ಡಿಗ್ರಿ.
ನಮಾಜಿಗೆ ಸಾಕಾ?
ಸಾಲದು. ಸದ್ಯ ಕುರ್ಚಿಯಲ್ಲೇ ಮಾಡಿ.
ಸ್ವಲ್ಪ ಹೊತ್ತು ಸುಮ್ಮನಿದ್ದು,
ಮೂಲೆಯ ಬಾವುಟದ ಬುಡದಿಂದ
ಇದಕ್ಕಿಂತ ಚಿಕ್ಕ ಕೋನದಲ್ಲಿ ಹೊಡೆದಿದ್ದೇನೆ ಎಂದ,
ನನಗಲ್ಲ, ಮಂಡಿಗೆ.

ಆರನೆಯ ವಾರ, ಕೊನೆಯ ಭೇಟಿ.
ಹೊರಗೆ ಪೆನ್ನೈನ್ ಬೆಟ್ಟದಿಂದ ಅಡ್ಡಡ್ಡ ಗಾಳಿ,
ಬರುವಾಗ ಕಂಡಿದ್ದೆ, ಪಾರ್ಕಿಂಗಿನಲ್ಲಿ ಯಾರದೋ ಕೊಡೆ ಉಲ್ಟಾ.
ಕೋಲು ಹಿಡಿದು ಎದ್ದ.
ಬಾಗಿಲಲ್ಲಿ ನಾನು, ಕೈಯಲ್ಲಿ ಫೈಲು.
ಅವನ ಬಲಭುಜ ಇಷ್ಟೇ ಇಷ್ಟು ವಾಲಿತು.
ಬೀಳುತ್ತಾನೆಂದು ಹಿಡಿಯಲು
ಆ ಬದಿಗೆ ಒಂದು ಹೆಜ್ಜೆ ಇಟ್ಟೆ.
ಚೌಕಟ್ಟಿಗೂ ನನಗೂ ನಡುವೆ ಗೇಣು ಜಾಗ ಇತ್ತೇನೋ,
ಅಲ್ಲಿಂದ, ಎಡಗಡೆಯಿಂದ,
ಲೇಬು ಆಗಲೇ ಹೊರಗೆ.